ಬುಲ್‌ಪೆನ್ ಕೈಕೊಟ್ಟ ವರ್ಷ: 2019ರ ವಾಷಿಂಗ್ಟನ್ ನ್ಯಾಷನಲ್ಸ್

2019ರ ಮೇ 22. ನ್ಯೂಯಾರ್ಕ್‌ನಲ್ಲಿ ಮೆಟ್ಸ್ ತಂಡದ ಎದುರು ಅಮೆರಿಕದ ಬೇಸ್‌ಬಾಲ್ ತಂಡ ವಾಷಿಂಗ್ಟನ್ ನ್ಯಾಷನಲ್ಸ್ ಆಡುತ್ತಿತ್ತು. ಮ್ಯಾಕ್ಸ್ ಶರ್ಜರ್ ಆರು ಇನಿಂಗ್ಸ್ ಪಿಚ್ ಮಾಡಿ ಒಂದು ರನ್ ಕೂಡ ಕೊಡಲಿಲ್ಲ. ತಂಡ 1-0 ಮುಂದಿತ್ತು. ಎಂಟನೇ ಇನಿಂಗ್ಸ್‌ನಲ್ಲಿ ತೊಂದರೆ ಶುರುವಾದಾಗ ಮ್ಯಾನೇಜರ್ ಡೇವ್ ಮಾರ್ಟಿನೆಜ್ ತಮ್ಮ ಅತ್ಯಂತ ನಂಬಿಕೆಯ ಕ್ಲೋಸರ್ (ಆಟ ಮುಗಿಸಿಕೊಡುವ ಪಿಚರ್) ಶಾನ್ ಡೂಲಿಟಲ್ ಅವರನ್ನು ಕರೆದರು. ಡೂಲಿಟಲ್ ಒಬ್ಬ ಬ್ಯಾಟರ್‌ಗೆ ಚೆಂಡು ತಗಲಿಸಿದರು, ಮೂರೂ ಬೇಸ್ ತುಂಬಿದವು. ಹ್ವಾನ್ ಲಗಾರೆಸ್ ಒಂದು ಡಬಲ್ (ಎರಡು ಬೇಸ್‌ನ ಹೊಡೆತ) ಹೊಡೆದು ಮೂವರನ್ನೂ ಮನೆ ಸೇರಿಸಿದರು. ಆಮೇಲೆ ರಜೈ ಡೇವಿಸ್ ಮೂರು ರನ್ನಿನ ಹೋಮ್ ರನ್ ಬಾರಿಸಿದರು. ಆಟ 6-1ಕ್ಕೆ ಮುಗಿಯಿತು.

ಮರುದಿನವೂ ಅದೇ ಕಥೆ. ಎಂಟನೇ ಇನಿಂಗ್ಸ್, ನ್ಯಾಷನಲ್ಸ್ 4-3 ಮುಂದೆ. ವಾಂಡರ್ ಸುವೆರೊ ಎಸೆದ ಚೆಂಡನ್ನು ಕಾರ್ಲೊಸ್ ಗೊಮೆಜ್ ಮೂರು ರನ್ನಿಗೆ ಆಚೆ ಕಳಿಸಿದರು. 6-4. ನಾಲ್ಕು ಆಟಗಳ ಸರಣಿಯಲ್ಲಿ ನಾಲ್ಕೂ ಸೋಲು. ಆ ಹೊತ್ತಿಗೆ ತಂಡದ ಲೆಕ್ಕ: 50 ಆಟ, 19 ಗೆಲುವು, 31 ಸೋಲು.

ಅದೇ ತಂಡ ಅಕ್ಟೋಬರ್ 30ರಂದು ಹ್ಯೂಸ್ಟನ್‌ನಲ್ಲಿ ಬೇಸ್‌ಬಾಲ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. ಈ ಕಥೆಯನ್ನು ಸಾಮಾನ್ಯವಾಗಿ ಎದೆಗುಂದದೆ ಎದ್ದು ನಿಂತ ತಂಡದ ಕಥೆ ಅಂತ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ನನಗೆ ಜಾಸ್ತಿ ಮುಖ್ಯ ಅನಿಸುವುದು ಬೇರೆ ವಿಷಯ. ಆ ತಂಡದ ಬುಲ್‌ಪೆನ್, ಅಂದರೆ ಕೊನೆಯ ಇನಿಂಗ್ಸ್‌ಗಳಲ್ಲಿ ಎಸೆಯುವ ಪಿಚರ್‌ಗಳ ಗುಂಪು, ಕೊನೆಯವರೆಗೂ ಸುಧಾರಿಸಲೇ ಇಲ್ಲ. ಇಡೀ ವರ್ಷದ ಲೆಕ್ಕದಲ್ಲಿ ನ್ಯಾಷನಲ್ ಲೀಗ್‌ನ (ಅಲ್ಲಿನ ಎರಡು ದೊಡ್ಡ ಲೀಗ್‌ಗಳಲ್ಲಿ ಒಂದು) ಅತ್ಯಂತ ಕೆಟ್ಟ ಬುಲ್‌ಪೆನ್ ಅವರದೇ. ಹಾಗಿದ್ದೂ ಗೆದ್ದದ್ದು ಹೇಗೆ, ಆ ಗೆಲುವಿಗೆ ಏನೇನು ಬೆಲೆ ತೆರಬೇಕಾಯಿತು ಎಂಬುದೇ ಈ ಪ್ರಕರಣ.

ಬುಲ್‌ಪೆನ್ ಅಂದರೆ ಯಾರು

ಬೇಸ್‌ಬಾಲ್ ನೋಡದವರಿಗೆ ಎರಡು ಮಾತು. ಒಂದು ಆಟದಲ್ಲಿ 9 ಇನಿಂಗ್ಸ್. ಶುರು ಮಾಡುವ ಪಿಚರ್‌ಗೆ ಸ್ಟಾರ್ಟರ್ ಎನ್ನುತ್ತಾರೆ. ಅವರು ಐದೋ ಆರೋ ಇನಿಂಗ್ಸ್ ಎಸೆದು ಕೆಳಗಿಳಿಯುತ್ತಾರೆ. ಮತ್ತೆ ಅವರ ಸರದಿ ಬರುವುದು ಐದನೇ ದಿನದ ಹೊತ್ತಿಗೆ. ಉಳಿದ ಮೂರು ನಾಲ್ಕು ಇನಿಂಗ್ಸ್ ರಿಲೀವರ್‌ಗಳ ಪಾಲು. ಅವರು ಕಾಯುತ್ತಾ ಕೈ ಬಿಸಿ ಮಾಡಿಕೊಳ್ಳುವ ಜಾಗವೇ ಬುಲ್‌ಪೆನ್. ಆ ಗುಂಪಿಗೂ ಅದೇ ಹೆಸರು. ಮುಂದಿರುವ ಆಟವನ್ನು ಒಂಬತ್ತನೇ ಇನಿಂಗ್ಸ್‌ನಲ್ಲಿ ಮುಗಿಸಿಕೊಡುವವರು ಕ್ಲೋಸರ್.

ಟಿ20ಯ ಕೊನೆಯ ನಾಲ್ಕು ಓವರ್ ನೆನಪಿಸಿಕೊಂಡರೆ ಈ ಕೆಲಸದ ಒತ್ತಡ ಅರ್ಥವಾಗುತ್ತದೆ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಕ್ರಿಕೆಟ್‌ನಲ್ಲಿ ನಾಯಕ ತನ್ನ ಒಳ್ಳೆಯ ಬೌಲರ್‌ನ ಎರಡು ಓವರ್ ಉಳಿಸಿಕೊಂಡು ಕೊನೆಗೆ ಮತ್ತೆ ಕರೆಯಬಹುದು. ಬೇಸ್‌ಬಾಲ್‌ನಲ್ಲಿ ಆಟದಿಂದ ಹೊರಗೆ ಕಳಿಸಿದ ಪಿಚರ್ ಆ ದಿನ ಮತ್ತೆ ಬರುವಂತಿಲ್ಲ. ಜೊತೆಗೆ ಆರು ತಿಂಗಳಲ್ಲಿ 162 ಆಟ, ಹೆಚ್ಚುಕಡಿಮೆ ದಿನಾ ಒಂದು. ನಿನ್ನೆ ಎಸೆದವರು ಇವತ್ತು ದಣಿದಿರುತ್ತಾರೆ, ನಾಳೆ ಸಿಗದೆ ಹೋಗಬಹುದು. ಹಾಗಾಗಿ ರಿಲೀವರ್‌ಗಳ ಲೆಕ್ಕ ಒಂದು ಆಟದ ಲೆಕ್ಕ ಅಲ್ಲ, ವಾರದ ಲೆಕ್ಕ.

ಪಿಚರ್‌ಗಳನ್ನು ಅಳೆಯುವ ಹಳೆಯ ಅಳತೆ ಇಆರ್‌ಎ. ಫೀಲ್ಡಿಂಗ್ ತಪ್ಪಿನಿಂದ ಬಂದ ರನ್ ಬಿಟ್ಟು, 9 ಇನಿಂಗ್ಸಿಗೆ ಸರಾಸರಿ ಎಷ್ಟು ರನ್ ಕೊಟ್ಟರು ಎಂಬ ಲೆಕ್ಕ. ಕಡಿಮೆ ಇದ್ದಷ್ಟೂ ಒಳ್ಳೆಯದು. 2019ರಲ್ಲಿ ನ್ಯಾಷನಲ್ಸ್ ಸ್ಟಾರ್ಟರ್‌ಗಳದು ಸುಮಾರು ಮೂರೂವರೆ. ಇಡೀ ದೇಶದಲ್ಲೇ ಮೇಲಿನ ಸಾಲಿನದು. ಅದೇ ತಂಡದ ಬುಲ್‌ಪೆನ್‌ನದು 5.66. ಒಂದೇ ತಂಡ, ಒಂದೇ ಮೈದಾನ, ಹಿಂದೆ ನಿಂತ ಫೀಲ್ಡರ್‌ಗಳೂ ಅವರೇ. ಪಿಚರ್ ಬದಲಾದ ಕೂಡಲೇ 9 ಇನಿಂಗ್ಸಿಗೆ ಎರಡು ರನ್ ಜಾಸ್ತಿ.

ಕಟ್ಟುವಾಗಲೇ ಆದ ತಪ್ಪು

ಹಿಂದಿನ ವರ್ಷ, 2018ರಲ್ಲಿ, ತಂಡ 82 ಗೆದ್ದು 80 ಸೋತಿತ್ತು. ತಾರಾ ಆಟಗಾರ ಬ್ರೈಸ್ ಹಾರ್ಪರ್ 13 ವರ್ಷಕ್ಕೆ 33 ಕೋಟಿ ಡಾಲರ್ ಒಪ್ಪಂದಕ್ಕೆ ಫಿಲಡೆಲ್ಫಿಯಾ ಸೇರಿದರು. ಜನರಲ್ ಮ್ಯಾನೇಜರ್ ಮೈಕ್ ರಿಜೊ ಹಣವನ್ನು ಸ್ಟಾರ್ಟರ್‌ಗಳ ಮೇಲೆ ಹಾಕಿದರು. ಎಡಗೈ ಪಿಚರ್ ಪ್ಯಾಟ್ರಿಕ್ ಕಾರ್ಬಿನ್ ಅವರಿಗೆ 6 ವರ್ಷಕ್ಕೆ 14 ಕೋಟಿ ಡಾಲರ್. ಶರ್ಜರ್, ಸ್ಟೀಫನ್ ಸ್ಟ್ರಾಸ್‌ಬರ್ಗ್, ಕಾರ್ಬಿನ್, ಅವರ ಹಿಂದೆ ಅನಿಬಾಲ್ ಸ್ಯಾಂಚೆಜ್. ಇದು ಯಾರೂ ಬೆರಳು ತೋರಿಸಲಾಗದ ಸಾಲು.

ಬುಲ್‌ಪೆನ್‌ಗೆ ಮಾತ್ರ ಹೀಗೆ ಖರ್ಚು ಮಾಡಲಿಲ್ಲ. ಸಂಬಳದ ಒಟ್ಟು ಮೊತ್ತ ಲಕ್ಷುರಿ ಟ್ಯಾಕ್ಸ್ ಗೆರೆ (ದಾಟಿದರೆ ತಂಡ ದಂಡ ಕಟ್ಟಬೇಕಾದ ಮಿತಿ) ದಾಟಬಾರದು ಎಂಬ ಚಿಂತೆಯೂ ಇತ್ತು. ಹಾಗಾಗಿ ಕಡಿಮೆ ಬೆಲೆಗೆ ಸಿಗುವ, ಒಂದು ಕಾಲದಲ್ಲಿ ಚೆನ್ನಾಗಿದ್ದ ಕೈಗಳನ್ನು ಹುಡುಕಿದರು. ಮಯಾಮಿಯಿಂದ ಕೈಲ್ ಬ್ಯಾರಾಕ್ಲೋ ಬಂದರು. ಡೂಲಿಟಲ್‌ಗಿಂತ ಮುಂಚಿನ ಇನಿಂಗ್ಸ್ ನೋಡಿಕೊಳ್ಳಲು ಟ್ರೆವರ್ ರೋಸೆಂತಾಲ್ ಬಂದರು. ಒಪ್ಪಂದ ಒಂದು ವರ್ಷದ್ದು, 70 ಲಕ್ಷ ಡಾಲರ್ ಖಾತ್ರಿ.

ರೋಸೆಂತಾಲ್ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನಲ್ಲಿ ಅವರು ಕ್ಲೋಸರ್ ಆಗಿದ್ದಾಗ 2014ರಲ್ಲಿ 45, 2015ರಲ್ಲಿ 48 ಆಟಗಳನ್ನು ಉಳಿಸಿಕೊಟ್ಟಿದ್ದರು. 2017ರಲ್ಲಿ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆಯಿತು. 2018ರಲ್ಲಿ ಒಂದು ಆಟವನ್ನೂ ಆಡಲಿಲ್ಲ. ಈ ಶಸ್ತ್ರಚಿಕಿತ್ಸೆ ಆದವರಲ್ಲಿ ವೇಗ ಬೇಗ ಮರಳುತ್ತದೆ, ಹಿಡಿತ ತಡವಾಗಿ ಬರುತ್ತದೆ ಎಂದು ಪಿಚರ್‌ಗಳ ಜೊತೆ ಕೆಲಸ ಮಾಡುವವರು ಹೇಳುತ್ತಾರೆ. ರೋಸೆಂತಾಲ್‌ಗೆ ಆದದ್ದೂ ಅದೇ. ಚೆಂಡು ಜೋರಾಗಿ ಹೋಗುತ್ತಿತ್ತು. ಎಲ್ಲಿಗೆ ಹೋಗುತ್ತದೆ ಎಂದು ಅವರಿಗೇ ಗೊತ್ತಿರಲಿಲ್ಲ.

ಮೊದಲ ನಾಲ್ಕು ಆಟಗಳಲ್ಲಿ ಅವರಿಗೆ ಒಂದೇ ಒಂದು ಔಟ್ ಸಿಗಲಿಲ್ಲ. ರನ್ ಕೊಟ್ಟಿದ್ದಾರೆ, ಆದರೆ ಇನಿಂಗ್ಸ್ ಲೆಕ್ಕ ಸೊನ್ನೆ. ಸೊನ್ನೆಯಿಂದ ಭಾಗಿಸಲು ಆಗುವುದಿಲ್ಲ ಅಲ್ವಾ? ಹಾಗಾಗಿ ಅವರ ಇಆರ್‌ಎ ಅನಂತ. ಏಪ್ರಿಲ್ 10ರಂದು ಫಿಲಡೆಲ್ಫಿಯಾದಲ್ಲಿ ಮೊದಲ ಔಟ್ ಸಿಕ್ಕಿತು. ಜೂನ್ 23ಕ್ಕೆ ತಂಡ ಅವರನ್ನು ಬಿಡುಗಡೆ ಮಾಡಿದಾಗ ಇಆರ್‌ಎ 22.74. ಆ ದಿನಗಳಲ್ಲಿ ಅವರನ್ನು ನೋಡುವುದೇ ಸಂಕಟ ಆಗುತ್ತಿತ್ತು. ದುಡಿಯಲು ಹಿಂದೇಟು ಹಾಕುವ ಮನುಷ್ಯ ಅವರಲ್ಲ. 2020ರಲ್ಲಿ ಕ್ಯಾನ್ಸಸ್ ಸಿಟಿ ಮತ್ತು ಸ್ಯಾನ್ ಡಿಯೆಗೊ ತಂಡಗಳಿಗೆ ಆಡಿ 1.90 ಇಆರ್‌ಎಯೊಂದಿಗೆ ಮರಳಿದರು. ಅಂದರೆ ನ್ಯಾಷನಲ್ಸ್ ತಪ್ಪು ಕೈಯನ್ನು ಆರಿಸಲಿಲ್ಲ. ತಪ್ಪು ಹೊತ್ತಿನಲ್ಲಿ ಆರಿಸಿತು. ಆ ಕೈಗೆ ಬೇಕಾಗಿದ್ದದ್ದು ಸಮಯ. ಎಂಟನೇ ಇನಿಂಗ್ಸ್‌ನಲ್ಲಿ ಯಾರೂ ಸಮಯ ಕೊಡಲಾರರು.

ಬ್ಯಾರಾಕ್ಲೋ ಇಆರ್‌ಎ 6 ದಾಟಿತು. ಆಗಸ್ಟ್‌ನಲ್ಲಿ ಅವರೂ ಬೇರೆ ತಂಡ ಸೇರಿದರು.

ಒಬ್ಬರು ಬಿದ್ದರೆ ಇನ್ನೊಬ್ಬರ ಮೇಲೆ ಹೊರೆ

ಕೆಟ್ಟ ಬುಲ್‌ಪೆನ್ ಅಂದರೆ ಎಂಟನೇ ಇನಿಂಗ್ಸ್‌ನಲ್ಲಿ ಕಳೆದುಕೊಂಡ ಆಟಗಳು ಎಂದಷ್ಟೇ ಜನ ಲೆಕ್ಕ ಹಾಕುತ್ತಾರೆ. ನಿಜವಾದ ನಷ್ಟ ಅದಕ್ಕಿಂತ ಆಳದಲ್ಲಿದೆ.

ಏಳನೇ ಎಂಟನೇ ಇನಿಂಗ್ಸ್‌ಗೆ ಯಾರನ್ನೂ ನಂಬಲು ಆಗದಿದ್ದರೆ ಮ್ಯಾನೇಜರ್ ಏನು ಮಾಡುತ್ತಾರೆ? ಒಂಬತ್ತನೆಯದಕ್ಕೆ ಇಟ್ಟುಕೊಂಡ ಕ್ಲೋಸರ್‌ನನ್ನು ಎಂಟರಲ್ಲೇ ಕರೆಯುತ್ತಾರೆ. ಅವನಿಂದ ಮೂರು ಔಟ್ ಬದಲು ನಾಲ್ಕೈದು ಕೇಳುತ್ತಾರೆ. ಎರಡು ದಿನ ಎಸೆದವನನ್ನು ಮೂರನೇ ದಿನವೂ ಎಬ್ಬಿಸುತ್ತಾರೆ. ಮೇ 22ರಂದು ಡೂಲಿಟಲ್ ಎಂಟನೇ ಇನಿಂಗ್ಸ್‌ನಲ್ಲಿ ಬಂದದ್ದು ಇದೇ ಕಾರಣಕ್ಕೆ. ಅವರು ಹೆಚ್ಚಾಗಿ ಫಾಸ್ಟ್‌ಬಾಲ್ ಒಂದನ್ನೇ ನಂಬಿದ ಪಿಚರ್. ಆ ಫಾಸ್ಟ್‌ಬಾಲ್‌ನ ತುದಿಯ ಜೀವ ಸ್ವಲ್ಪ ಹೋದರೂ ಅದು ಬ್ಯಾಟರ್‌ಗೆ ಇಷ್ಟವಾದ ಚೆಂಡಾಗಿಬಿಡುತ್ತದೆ.

ಆಗಸ್ಟ್ 17ರಂದು ಅದು ಎಲ್ಲರ ಕಣ್ಣಿಗೆ ಬಿತ್ತು. ಮಿಲ್ವಾಕಿ ಬ್ರೂವರ್ಸ್ ಎದುರು ಒಂಬತ್ತನೇ ಇನಿಂಗ್ಸ್‌ನಲ್ಲಿ ಡೂಲಿಟಲ್ ಮೂರು ಹೋಮ್ ರನ್ ಬಿಟ್ಟುಕೊಟ್ಟರು, ನಾಲ್ಕು ರನ್ ಹೋಯಿತು. ಆಟ 14 ಇನಿಂಗ್ಸ್‌ವರೆಗೆ ಎಳೆದು ನ್ಯಾಷನಲ್ಸ್ 15-14ರಲ್ಲಿ ಸೋತಿತು. ಮರುದಿನ ಡೂಲಿಟಲ್ ಮಂಡಿ ನೋವಿನಿಂದ ಗಾಯಾಳುಗಳ ಪಟ್ಟಿ ಸೇರಿದರು. ಆ ವರ್ಷ 29 ಆಟ ಉಳಿಸಿಕೊಟ್ಟವರು ಅವರು. ಗುಂಪಿನಲ್ಲಿ ಸರಿಯಾಗಿದ್ದದ್ದು ಅವರೊಬ್ಬರೇ. ಉಳಿದವರು ಕೈಕೊಟ್ಟದ್ದರ ಭಾರವೆಲ್ಲ ಆ ಒಂದು ಮಂಡಿಯ ಮೇಲೆ ಬಿತ್ತು ಎಂದು ನಾನು ನಂಬುತ್ತೇನೆ.

ಸ್ಟಾರ್ಟರ್‌ಗಳ ಮೇಲೂ ಇದೇ ಒತ್ತಡ. ಆರು ಇನಿಂಗ್ಸ್ ಆದಮೇಲೆ ಸಾಮಾನ್ಯವಾಗಿ ಇಳಿಸುವ ಪಿಚರ್‌ನನ್ನು ಇನ್ನೊಂದು ಇನಿಂಗ್ಸ್ ನಿಲ್ಲಿಸಬೇಕು ಅನಿಸುತ್ತದೆ. ಇಳಿಸಿದರೆ ಆಟ ಹೋಗುತ್ತದೆ ಎಂಬ ಭಯ. ಸ್ಟ್ರಾಸ್‌ಬರ್ಗ್ ಆ ವರ್ಷ 209 ಇನಿಂಗ್ಸ್, ಕಾರ್ಬಿನ್ 202 ಇನಿಂಗ್ಸ್ ಎಸೆದರು. ಇಂದಿನ ಬೇಸ್‌ಬಾಲ್‌ನಲ್ಲಿ ಒಂದೇ ತಂಡದ ಇಬ್ಬರು 200 ದಾಟುವುದು ಅಪರೂಪ.

ಇನ್ನು ಬ್ಯಾಟರ್‌ಗಳ ಮನಸ್ಸು. ಮೂರು ರನ್ ಮುಂದಿದ್ದರೂ ಸಾಲದು ಎಂದು ಗೊತ್ತಿರುವ ತಂಡ ಬೇರೆ ತರಹ ಆಡುತ್ತದೆ. ಇದನ್ನು ಅಂಕಿಯಲ್ಲಿ ತೋರಿಸುವುದು ಕಷ್ಟ. ಆದರೆ ಮುಂದಿದ್ದ ಆಟವನ್ನು ಎರಡು ದಿನ ಸಾಲಾಗಿ ಎಂಟನೇ ಇನಿಂಗ್ಸ್‌ನಲ್ಲಿ ಕಳೆದುಕೊಂಡ ತಂಡ ಮೂರನೇ ದಿನ ಹಗುರಾಗಿ ಮೈದಾನಕ್ಕಿಳಿಯುತ್ತದೆ ಎಂದು ಯಾರೂ ಹೇಳಲಾರರು.

ಮೇ 2ರಂದು ಪಿಚಿಂಗ್ ಕೋಚ್ ಡೆರೆಕ್ ಲಿಲಿಕ್ವಿಸ್ಟ್ ಅವರನ್ನು ತೆಗೆದು ಪಾಲ್ ಮೆನ್‌ಹಾರ್ಟ್ ಅವರನ್ನು ತಂದರು. ಕೋಚ್ ಬದಲಾದ ಮೂರು ವಾರಕ್ಕೆ ನ್ಯೂಯಾರ್ಕ್‌ನ ಆ ನಾಲ್ಕು ಸೋಲು ಬಂದವು. ಕೈಯಲ್ಲಿ ಇಲ್ಲದ್ದನ್ನು ಕೋಚ್ ತಂದುಕೊಡಲಾರರು.

ಮಾರ್ಟಿನೆಜ್ ಅವರನ್ನೂ ತೆಗೆಯಬೇಕು ಎಂಬ ಕೂಗು ಜೋರಾಗಿತ್ತು. ತಂಡ ತೆಗೆಯಲಿಲ್ಲ. ಈ ಪ್ರಕರಣದಲ್ಲಿ ಆಡಳಿತ ತೆಗೆದುಕೊಂಡ ಅತ್ಯಂತ ಒಳ್ಳೆಯ ನಿರ್ಧಾರ ಇದೇ ಎಂದು ನನ್ನ ಅಭಿಪ್ರಾಯ. ಬುಲ್‌ಪೆನ್ ಕೆಟ್ಟಾಗ ಮ್ಯಾನೇಜರ್‌ನ ಪ್ರತಿ ನಿರ್ಧಾರವೂ ತಪ್ಪಾಗಿ ಕಾಣುತ್ತದೆ. ಯಾರನ್ನು ಕಳಿಸಿದರೂ ಸೋತರೆ, ಕಳಿಸಿದವರದೇ ತಪ್ಪು ಎನ್ನುವುದು ಸುಲಭ.

ಗೆಲುವು ಎಲ್ಲಿಂದ ಬಂತು

ಮೇ 24ರಿಂದ ಋತುವಿನ ಕೊನೆಯವರೆಗೆ ತಂಡ 74 ಗೆದ್ದು 38 ಸೋತಿತು. ಬುಲ್‌ಪೆನ್ ಸುಧಾರಿಸಿದ್ದರಿಂದ ಹೀಗಾಯಿತು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಗಾಯಗೊಂಡಿದ್ದ ಬ್ಯಾಟರ್‌ಗಳು ವಾಪಸ್ ಬಂದಿದ್ದರು. ಆಂಟನಿ ರೆಂಡೋನ್ ವರ್ಷವಿಡೀ ಬಾರಿಸಿ 126 ರನ್ ತಂದುಕೊಟ್ಟರು. ಆ ಅಕ್ಟೋಬರ್‌ನಲ್ಲಿ 21 ತುಂಬಿದ ಹ್ವಾನ್ ಸೋಟೊ 110. ಇಬ್ಬರದೂ 34 ಹೋಮ್ ರನ್. ಸ್ಟಾರ್ಟರ್‌ಗಳು ಪ್ರತಿ ಸರದಿಯಲ್ಲೂ ಆಟವನ್ನು ಕೈಯಲ್ಲಿ ಹಿಡಿದಿಟ್ಟರು. ಬುಲ್‌ಪೆನ್ ಕಳೆಯುವುದಕ್ಕಿಂತ ಜಾಸ್ತಿ ರನ್ ಕೂಡಿಸುವ ತಂಡವಾಗಿ ನ್ಯಾಷನಲ್ಸ್ ಬದಲಾಯಿತು.

ಸೆಪ್ಟೆಂಬರ್ 3ರ ಆಟ ಇದಕ್ಕೆ ಸಾಕ್ಷಿ. ಮತ್ತೆ ಮೆಟ್ಸ್. ಒಂಬತ್ತನೇ ಇನಿಂಗ್ಸ್‌ನ ಮೊದಲ ಅರ್ಧದಲ್ಲಿ ನ್ಯಾಷನಲ್ಸ್ ರಿಲೀವರ್‌ಗಳು ಐದು ರನ್ ಕೊಟ್ಟು 10-4 ಮಾಡಿದರು. ಆಟ ಮುಗಿದಂತೆಯೇ. ಆದರೆ ಕೊನೆಯ ಅರ್ಧದಲ್ಲಿ ನ್ಯಾಷನಲ್ಸ್ ಏಳು ರನ್ ಗಳಿಸಿತು. ಮೆಟ್ಸ್ ಕ್ಲೋಸರ್ ಎಡ್ವಿನ್ ಡಿಯಾಸ್ ಎಸೆದ ಚೆಂಡನ್ನು ಕರ್ಟ್ ಸುಜುಕಿ ಮೂರು ರನ್ನಿಗೆ ಬಾರಿಸಿ 11-10ಕ್ಕೆ ಗೆಲ್ಲಿಸಿದರು. ಆ ವರ್ಷ ಡಿಯಾಸ್ ಇಆರ್‌ಎ 5.59. ಬುಲ್‌ಪೆನ್ ಕಾಯಿಲೆ ನ್ಯಾಷನಲ್ಸ್ ಒಂದಕ್ಕೇ ಬಂದದ್ದಲ್ಲ.

ದುಡ್ಡು ಸುರಿದು ದೊಡ್ಡ ಹೆಸರನ್ನು ತಂದಿದ್ದರೆ ಸರಿಹೋಗುತ್ತಿತ್ತೇ? ಆ ವರ್ಷ ಕ್ರೇಗ್ ಕಿಂಬ್ರೆಲ್ ಜೂನ್‌ವರೆಗೂ ತಂಡ ಇಲ್ಲದೆ ಕಾಯುತ್ತಿದ್ದರು. ತಮ್ಮ ಕಾಲದ ಅತಿ ದೊಡ್ಡ ಕ್ಲೋಸರ್‌ಗಳಲ್ಲಿ ಒಬ್ಬರು. ಶಿಕಾಗೊ ಕಬ್ಸ್ 4 ಕೋಟಿ 30 ಲಕ್ಷ ಡಾಲರ್ ಕೊಟ್ಟು ಕರೆದುಕೊಂಡಿತು. ಅವರ ಆ ವರ್ಷದ ಇಆರ್‌ಎ 6.53. ರಿಲೀವರ್‌ಗಳ ವಿಷಯದಲ್ಲಿ ಹೋದ ವರ್ಷದ ಅಂಕಿ ಈ ವರ್ಷಕ್ಕೆ ಭರವಸೆ ಅಲ್ಲ. ಅವರು ವರ್ಷಕ್ಕೆ ಎಸೆಯುವುದೇ ಅರವತ್ತು ಎಪ್ಪತ್ತು ಇನಿಂಗ್ಸ್. ನಾಲ್ಕು ಕೆಟ್ಟ ರಾತ್ರಿ ಸಾಕು, ಇಡೀ ವರ್ಷ ಕೆಡುತ್ತದೆ.

ರಿಜೊ ಜುಲೈ 31ರ ಗಡುವಿನ ದಿನ ಮೂವರನ್ನು ತಂದರು. ಸಿಯಾಟಲ್‌ನಿಂದ ರೋನಿಸ್ ಎಲಿಯಾಸ್ ಮತ್ತು ಹಂಟರ್ ಸ್ಟ್ರಿಕ್‌ಲ್ಯಾಂಡ್, ಟೊರೊಂಟೊದಿಂದ ಡ್ಯಾನಿಯಲ್ ಹಡ್ಸನ್. ಎಲಿಯಾಸ್ ಬಂದ ಕೆಲವೇ ದಿನದಲ್ಲಿ ತೊಡೆ ಹಿಂಭಾಗದ ಸ್ನಾಯು ನೋಯಿಸಿಕೊಂಡರು. ಸ್ಟ್ರಿಕ್‌ಲ್ಯಾಂಡ್ ಕೂಡ ನಿಂತ ಕಂಬ ಆಗಲಿಲ್ಲ. ಉಳಿದದ್ದು ಹಡ್ಸನ್. ಎರಡು ಸಲ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆದ, ಯಾರೂ ಅಷ್ಟು ಗಮನಿಸದ 32 ವರ್ಷದ ಪಿಚರ್. ವಾಷಿಂಗ್ಟನ್‌ಗೆ ಆಡಿದ 24 ಆಟಗಳಲ್ಲಿ ಅವರ ಇಆರ್‌ಎ 1.44. ಮೂವರಲ್ಲಿ ಒಬ್ಬರು ದಕ್ಕಿದರು. ಆ ಒಬ್ಬರು ಇಲ್ಲದಿದ್ದರೆ ಅಕ್ಟೋಬರ್ ಕಥೆಯೇ ಇರುತ್ತಿರಲಿಲ್ಲ.

ಅಕ್ಟೋಬರ್: ಗುಂಪನ್ನು ಚಿಕ್ಕದು ಮಾಡಿದ್ದು

ತಂಡ 93-69ರಲ್ಲಿ ಮುಗಿಸಿ ವೈಲ್ಡ್ ಕಾರ್ಡ್ ಪಡೆಯಿತು, ಅಂದರೆ ತನ್ನ ಡಿವಿಷನ್ (ಲೀಗ್‌ನೊಳಗಿನ ಗುಂಪು) ಗೆಲ್ಲದಿದ್ದರೂ ಪ್ಲೇಆಫ್‌ಗೆ ಅವಕಾಶ. ಇನ್ನು ಮುಂದೆ ಮಾರ್ಟಿನೆಜ್ ಮಾಡಿದ್ದು ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು. ಅವರು ಬುಲ್‌ಪೆನ್ ರಿಪೇರಿಗೆ ಹೋಗಲಿಲ್ಲ. ಅದನ್ನು ಬಳಸುವುದನ್ನೇ ಆದಷ್ಟು ನಿಲ್ಲಿಸಿದರು.

ಋತುವಿನಲ್ಲಿ ಇದು ಸಾಧ್ಯವಿಲ್ಲ. ಏಳೆಂಟು ರಿಲೀವರ್‌ಗಳನ್ನು ದುಡಿಸಿಕೊಳ್ಳದೆ 162 ಆಟ ಸಾಗುವುದಿಲ್ಲ. ಆ ವರ್ಷ ಸುವೆರೊ ಒಬ್ಬರೇ 70ಕ್ಕೂ ಜಾಸ್ತಿ ಆಟದಲ್ಲಿ ಎಸೆದರು. ಅಕ್ಟೋಬರ್‌ನಲ್ಲಿ ನಡುನಡುವೆ ಬಿಡುವಿನ ದಿನಗಳಿರುತ್ತವೆ. ಸ್ಟಾರ್ಟರ್‌ಗಳು ತಮ್ಮ ಎರಡು ಸರದಿಗಳ ಮಧ್ಯೆ ಹೇಗೂ ಒಂದು ದಿನ ಅಭ್ಯಾಸಕ್ಕೆ ಬುಲ್‌ಪೆನ್‌ನಲ್ಲಿ ಎಸೆಯುತ್ತಾರೆ. ಆ ಎಸೆತಗಳನ್ನು ಆಟದಲ್ಲೇ ಎಸೆಯಲಿ ಎಂದು ಮಾರ್ಟಿನೆಜ್ ಲೆಕ್ಕ ಹಾಕಿದರು.

ಅಕ್ಟೋಬರ್ 1, ಬ್ರೂವರ್ಸ್ ಎದುರು ಒಂದೇ ಆಟದ ವೈಲ್ಡ್ ಕಾರ್ಡ್. ಸೋತರೆ ಮನೆಗೆ. ಶರ್ಜರ್ ಐದು ಇನಿಂಗ್ಸ್ ಎಸೆದು ಮೂರು ರನ್ ಕೊಟ್ಟರು. ಆರನೇ ಇನಿಂಗ್ಸ್‌ಗೆ ಬಂದವರು ಸ್ಟ್ರಾಸ್‌ಬರ್ಗ್. ಮೂರು ಇನಿಂಗ್ಸ್, ಒಂದೂ ರನ್ ಇಲ್ಲ. ಎಂಟರಲ್ಲಿ ಬ್ರೂವರ್ಸ್‌ನ ಜಾಶ್ ಹೇಡರ್ ಬಂದರು. ಆ ಕಾಲದ ಅತ್ಯಂತ ಭಯ ಹುಟ್ಟಿಸುವ ರಿಲೀವರ್. ಎಲ್ಲ ಬೇಸ್‌ಗಳೂ ತುಂಬಿದ್ದಾಗ ಸೋಟೊ ಒಂದು ಸಿಂಗಲ್ ಹೊಡೆದರು, ಬಲಗಡೆ ಫೀಲ್ಡರ್ ಕೈಯಿಂದ ಚೆಂಡು ಜಾರಿತು, ಮೂವರೂ ಓಡಿ ಬಂದರು. 4-3. ಒಂಬತ್ತನೆಯದನ್ನು ಹಡ್ಸನ್ ಮುಗಿಸಿದರು.

ಮುಂದೆ 106 ಆಟ ಗೆದ್ದಿದ್ದ ಲಾಸ್ ಏಂಜಲಿಸ್ ಡಾಡ್ಜರ್ಸ್. ಎರಡನೇ ಆಟದ ಎಂಟನೇ ಇನಿಂಗ್ಸ್‌ಗೆ ಶರ್ಜರ್ ರಿಲೀವರ್ ಆಗಿ ಬಂದು ಮೂವರನ್ನೂ ಸ್ಟ್ರೈಕ್ ಔಟ್ ಮಾಡಿದರು. ಈ ಉಪಾಯ ಪ್ರತಿ ಸಲವೂ ಫಲಿಸಲಿಲ್ಲ ಎಂಬುದನ್ನೂ ಹೇಳಬೇಕು. ಮೂರನೇ ಆಟದಲ್ಲಿ ಕಾರ್ಬಿನ್ ಆರನೇ ಇನಿಂಗ್ಸ್‌ಗೆ ಬಂದು ಎರಡೇ ಔಟ್ ಪಡೆಯುವಷ್ಟರಲ್ಲಿ ಆರು ರನ್ ಕೊಟ್ಟರು. ಆಟ 10-4ಕ್ಕೆ ಹೋಯಿತು. ಆದರೂ ಮಾರ್ಟಿನೆಜ್ ಹಾದಿ ಬದಲಿಸಲಿಲ್ಲ. ಐದನೇ ಆಟದಲ್ಲಿ ಅದೇ ಕಾರ್ಬಿನ್‌ರನ್ನು ಮತ್ತೆ ಕರೆದರು, ಈ ಸಲ ಅವರು ಹಿಡಿದಿಟ್ಟರು.

ಆ ಐದನೇ ಆಟದಲ್ಲೇ ಎದುರು ತಂಡದ ಪಾಡು ನೋಡಿ. ಎಂಟನೇ ಇನಿಂಗ್ಸ್‌ನಲ್ಲಿ ಡಾಡ್ಜರ್ಸ್ 3-1 ಮುಂದಿತ್ತು. ಅವರೂ ತಮ್ಮ ಹೆಸರಾಂತ ಸ್ಟಾರ್ಟರ್ ಕ್ಲೇಟನ್ ಕರ್ಶಾ ಅವರನ್ನೇ ರಿಲೀವರ್ ಮಾಡಿದ್ದರು. ಸತತ ಎರಡು ಎಸೆತಗಳಲ್ಲಿ ರೆಂಡೋನ್ ಮತ್ತು ಸೋಟೊ ಹೋಮ್ ರನ್ ಹೊಡೆದು 3-3 ಮಾಡಿದರು. ಹತ್ತನೇ ಇನಿಂಗ್ಸ್‌ನಲ್ಲಿ ಜೋ ಕೆಲಿ ಎಸೆತಕ್ಕೆ ಹೌವಿ ಕೆಂಡ್ರಿಕ್ ಗ್ರ್ಯಾಂಡ್ ಸ್ಲ್ಯಾಮ್ (ಬೇಸ್‌ಗಳೆಲ್ಲ ತುಂಬಿದ್ದಾಗ ನಾಲ್ಕು ರನ್ ತರುವ ಹೋಮ್ ರನ್) ಹೊಡೆದರು. 7-3. ಹೇಡರ್, ಕರ್ಶಾ, ಕೆಲಿ. ಕೆಟ್ಟ ಬುಲ್‌ಪೆನ್ ಎಂದು ಹೆಸರಾದ ತಂಡ ಮುಂದೆ ಹೋಗುತ್ತಿದ್ದದ್ದು ಎದುರಾಳಿಗಳ ಕೊನೆಯ ಇನಿಂಗ್ಸ್‌ಗಳನ್ನು ಒಡೆದು.

ಸೇಂಟ್ ಲೂಯಿಸ್ ಎದುರಿನ ಲೀಗ್ ಫೈನಲ್ ಸುಲಭವಾಯಿತು, 4-0. ಮೊದಲ ಆಟದ ದಿನ ಹಡ್ಸನ್ ಇರಲಿಲ್ಲ, ಮಗು ಹುಟ್ಟಿದ್ದರಿಂದ ಮನೆಗೆ ಹೋಗಿದ್ದರು. ಅದಕ್ಕೂ ಕೆಲವರು ಮಾತಾಡಿದರು. ತಂಡ ಅವರ ಪರ ಗಟ್ಟಿಯಾಗಿ ನಿಂತದ್ದು ನನಗೆ ತುಂಬಾ ಹಿಡಿಸಿತು. ಸ್ಯಾಂಚೆಜ್ ಎಂಟನೇ ಇನಿಂಗ್ಸ್‌ನ ಎರಡನೇ ಔಟ್‌ವರೆಗೆ ಒಂದೂ ಹಿಟ್ ಬಿಡಲಿಲ್ಲ. ಕೊನೆಯ ನಾಲ್ಕು ಔಟ್ ಡೂಲಿಟಲ್ ತೆಗೆದರು. ಸ್ಟಾರ್ಟರ್‌ಗಳು ಹೀಗೆ ಏಳೆಂಟು ಇನಿಂಗ್ಸ್ ಎಸೆದರೆ ಬುಲ್‌ಪೆನ್ ಎಷ್ಟು ಕೆಟ್ಟದ್ದಾಗಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ.

ಗೊತ್ತಾದ ದಿನಗಳೂ ಇದ್ದವು. ಹ್ಯೂಸ್ಟನ್ ಆಸ್ಟ್ರೋಸ್ ಎದುರಿನ ವರ್ಲ್ಡ್ ಸೀರೀಸ್‌ನ ನಾಲ್ಕನೇ ಆಟದಲ್ಲಿ ನಂಬಿದ ಕೈಗಳ ಆಚೆ ಹೋಗಬೇಕಾಯಿತು. ಏಳನೇ ಇನಿಂಗ್ಸ್‌ನಲ್ಲಿ 42 ವರ್ಷದ ಫರ್ನಾಂಡೊ ರಾಡ್ನಿ ಎಸೆತಕ್ಕೆ ಅಲೆಕ್ಸ್ ಬ್ರೆಗ್ಮನ್ ಗ್ರ್ಯಾಂಡ್ ಸ್ಲ್ಯಾಮ್ ಹೊಡೆದರು, ಸೋಲು 8-1. ಹಳೆಯ ಗಾಯ ಅಲ್ಲೇ ಇತ್ತು. ಆರನೇ ಆಟದಲ್ಲಿ ಸ್ಟ್ರಾಸ್‌ಬರ್ಗ್ ಒಂಬತ್ತನೇ ಇನಿಂಗ್ಸ್‌ನ ಮೊದಲ ಔಟ್‌ವರೆಗೂ ಎಸೆದು 7-2ಕ್ಕೆ ಗೆಲ್ಲಿಸಿದರು.

ಏಳನೇ ಆಟ. ಶರ್ಜರ್ ಕುತ್ತಿಗೆ ನೋವಿನಿಂದ ಮೂರು ದಿನ ಮುಂಚೆ ಹಾಸಿಗೆಯಿಂದ ಏಳಲೂ ಕಷ್ಟಪಟ್ಟಿದ್ದರು. ಇವತ್ತು ಐದು ಇನಿಂಗ್ಸ್ ಎಸೆದರು, ಎರಡು ರನ್ ಕೊಟ್ಟರು. ಹ್ಯೂಸ್ಟನ್ ಆಸ್ಟ್ರೋಸ್‌ನ ಜ್ಯಾಕ್ ಗ್ರೀಂಕಿ ಅದಕ್ಕಿಂತ ಚೆನ್ನಾಗಿದ್ದರು. ಏಳನೇ ಇನಿಂಗ್ಸ್‌ನಲ್ಲಿ ರೆಂಡೋನ್ ಹೋಮ್ ರನ್ ಹೊಡೆದರು, ಸೋಟೊಗೆ ವಾಕ್ (ಹೊಡೆಯದೆಯೇ ಮೊದಲ ಬೇಸ್) ಸಿಕ್ಕಿತು. ಗ್ರೀಂಕಿ ಎಸೆದದ್ದು 80 ಚೆಂಡು ಮಾತ್ರ. ಮ್ಯಾನೇಜರ್ ಎ.ಜೆ. ಹಿಂಚ್ ಅವರನ್ನು ಇಳಿಸಿ ವಿಲ್ ಹ್ಯಾರಿಸ್ ಅವರನ್ನು ಕರೆದರು. ಹ್ಯಾರಿಸ್ ಆ ವರ್ಷ ಬಹಳ ಚೆನ್ನಾಗಿ ಎಸೆದವರು. ಕೆಂಡ್ರಿಕ್ ಹೊಡೆದ ಚೆಂಡು ಬಲಗಡೆಯ ಫೌಲ್ ಪೋಲ್‌ಗೆ (ಮೈದಾನದ ಅಂಚಿನ ಕಂಬ) ಬಡಿಯಿತು, ಹೋಮ್ ರನ್. 3-2. ಹಿಂಚ್ ಮಾಡಿದ್ದು ತಪ್ಪೇ? ಒಳ್ಳೆಯ ಬುಲ್‌ಪೆನ್ ಇರುವ ಯಾವ ಮ್ಯಾನೇಜರ್ ಆದರೂ ಅದನ್ನೇ ಮಾಡುತ್ತಿದ್ದರು. ಮಾರ್ಟಿನೆಜ್‌ಗೆ ಆ ಆಯ್ಕೆಯೇ ಇರಲಿಲ್ಲ. ಅವರು ಶರ್ಜರ್ ನಂತರ ಸ್ಟಾರ್ಟರ್ ಕಾರ್ಬಿನ್‌ರನ್ನು ಕಳಿಸಿದರು, ಕಾರ್ಬಿನ್ ಮೂರು ಇನಿಂಗ್ಸ್ ರನ್ ಕೊಡದೆ ಎಸೆದರು. ಕೊನೆಯ ಇನಿಂಗ್ಸ್ ಹಡ್ಸನ್. 6-2. ವರ್ಷದ ಕೊನೆಯ ಆಟದಲ್ಲಿ ನ್ಯಾಷನಲ್ಸ್ ಬುಲ್‌ಪೆನ್‌ನ ಖಾಯಂ ಸದಸ್ಯರಲ್ಲಿ ಎಸೆದದ್ದು ಒಬ್ಬರೇ, ಅದೂ ಆಗಸ್ಟ್‌ಗೆ ಸ್ವಲ್ಪ ಮುಂಚೆ ಬಂದವರು.

ತೆತ್ತ ಬೆಲೆ

ಕಪ್ ಬಂದಮೇಲೆ ಎಲ್ಲವೂ ಸರಿಯಿತ್ತು ಎಂದು ಅನಿಸಿಬಿಡುತ್ತದೆ. ಸ್ವಲ್ಪ ಲೆಕ್ಕ ನೋಡೋಣ. ಆ ವರ್ಷ ಡಿವಿಷನ್ ಗೆದ್ದ ಅಟ್ಲಾಂಟಾ ಬ್ರೇವ್ಸ್ 97 ಆಟ ಗೆದ್ದಿತ್ತು. ನ್ಯಾಷನಲ್ಸ್ ನಾಲ್ಕು ಆಟ ಹಿಂದೆ. ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲೇ ಸಾಲಾಗಿ ಎರಡು ದಿನ ಎಂಟನೇ ಇನಿಂಗ್ಸ್‌ನಲ್ಲಿ ಆಟ ಬಿಟ್ಟುಕೊಟ್ಟಿದ್ದರು. ಆ ವರ್ಷ ಹಾಗೆ ಹೋದ ಆಟಗಳು ಇನ್ನೂ ಎಷ್ಟೋ ಇದ್ದವು. ಸುಮ್ನೆ ಸಾಧಾರಣ ಮಟ್ಟದ ಬುಲ್‌ಪೆನ್ ಇದ್ದಿದ್ದರೂ ಡಿವಿಷನ್ ಅವರದಾಗುತ್ತಿತ್ತು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಆಗ ಹೇಡರ್ ಎದುರಿನ ಆ ಒಂದು ಆಟದ ಮೇಲೆ ಇಡೀ ವರ್ಷವನ್ನು ಪಣಕ್ಕಿಡುವ ಪ್ರಸಂಗ ಬರುತ್ತಿರಲಿಲ್ಲ.

ತೋಳುಗಳ ಬೆಲೆ ಇನ್ನೂ ದೊಡ್ಡದು. ಸ್ಟ್ರಾಸ್‌ಬರ್ಗ್ 209 ಇನಿಂಗ್ಸ್ ಮೇಲೆ ಅಕ್ಟೋಬರ್‌ನಲ್ಲಿ ಇನ್ನೂ 36 ಚಿಲ್ಲರೆ ಎಸೆದು ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರ ಎನಿಸಿದರು. ಡಿಸೆಂಬರ್‌ನಲ್ಲಿ 7 ವರ್ಷಕ್ಕೆ 24 ಕೋಟಿ 50 ಲಕ್ಷ ಡಾಲರ್ ಒಪ್ಪಂದ ಆಯಿತು. ಆಮೇಲೆ ಅವರು ಆಡಿದ್ದು ಬರೀ ಎಂಟು ಆಟ. ಗಾಯಗಳಿಂದಲೇ ಅವರ ಆಟ ಮುಗಿಯಿತು. ಕಾರ್ಬಿನ್ ಇಆರ್‌ಎ 2019ರಲ್ಲಿ 3.25 ಇದ್ದದ್ದು 2020ರಲ್ಲಿ 4.66, 2021ರಲ್ಲಿ 5.82, 2022ರಲ್ಲಿ 6.31. ಇದಕ್ಕೆಲ್ಲ 2019ರ ದುಡಿತವೇ ಕಾರಣ ಎಂದು ಸಾಬೀತು ಮಾಡಲು ಆಗದು. ಸ್ಟ್ರಾಸ್‌ಬರ್ಗ್‌ಗೆ ಗಾಯದ ಇತಿಹಾಸ ಮೊದಲಿಂದಲೂ ಇತ್ತು. ಆದರೆ ರಿಲೀವರ್‌ಗಳು ಹೊರಬೇಕಾದ ಇನಿಂಗ್ಸ್‌ಗಳನ್ನು ಇವರಿಬ್ಬರು ಹೊತ್ತರು ಎಂಬುದು ಮಾತ್ರ ದಾಖಲೆಯಲ್ಲಿದೆ.

2020ಕ್ಕೆ ನ್ಯಾಷನಲ್ಸ್ ಬುಲ್‌ಪೆನ್‌ಗೆ ದುಡ್ಡು ಹಾಕಿತು. ಹಡ್ಸನ್‌ರನ್ನು ಉಳಿಸಿಕೊಂಡಿತು. ಕೆಂಡ್ರಿಕ್‌ಗೆ ಆ ಚೆಂಡು ಎಸೆದ ವಿಲ್ ಹ್ಯಾರಿಸ್‌ರನ್ನೇ ಮೂರು ವರ್ಷಕ್ಕೆ 2 ಕೋಟಿ 40 ಲಕ್ಷ ಡಾಲರ್ ಕೊಟ್ಟು ಕರೆತಂದಿತು. ಹ್ಯಾರಿಸ್ ಗಾಯಗಳಿಂದ ಸರಿಯಾಗಿ ಆಡಲೇ ಆಗಲಿಲ್ಲ. ಹಡ್ಸನ್ ಇಆರ್‌ಎ 6.10ಕ್ಕೆ ಏರಿತು. ತಂಡ 26-34.

ಆ ವರ್ಷ ಕೋವಿಡ್‌ನಿಂದಾಗಿ ಋತು 60 ಆಟಗಳಿಗೆ ಇಳಿದಿತ್ತು. ಅದೇ ಡಿವಿಷನ್‌ನ ಫಿಲಡೆಲ್ಫಿಯಾ ಫಿಲೀಸ್ ಹಾರ್ಪರ್, ಏರನ್ ನೋಲಾ, ಜ್ಯಾಕ್ ವೀಲರ್ ಇದ್ದ ತಂಡ. ಅವರ ಬುಲ್‌ಪೆನ್ ಇಆರ್‌ಎ 7.06. ಆಗಸ್ಟ್‌ನಲ್ಲಿ ಬಾಸ್ಟನ್‌ನಿಂದ ಬ್ರಾಂಡನ್ ವರ್ಕ್‌ಮನ್ ಮತ್ತು ಹೀತ್ ಹೆಂಬ್ರೀ ಅವರನ್ನು ತಂದರು. ಇಬ್ಬರೂ ಬಂದ ಮೇಲೆ ಇನ್ನೂ ಜಾಸ್ತಿ ರನ್ ಕೊಟ್ಟರು. ತಂಡ 28-32ರಲ್ಲಿ ಮುಗಿಸಿ ಒಂದೇ ಒಂದು ಆಟದಿಂದ ಪ್ಲೇಆಫ್ ತಪ್ಪಿಸಿಕೊಂಡಿತು. ಜನರಲ್ ಮ್ಯಾನೇಜರ್ ಮ್ಯಾಟ್ ಕ್ಲೆಂಟಾಕ್ ಅಕ್ಟೋಬರ್‌ನಲ್ಲಿ ಹುದ್ದೆ ಬಿಟ್ಟರು. 2019ರ ನ್ಯಾಷನಲ್ಸ್‌ಗೆ ಮೇ 24ರಿಂದ ಸಿಕ್ಕಂಥ 112 ಆಟಗಳು ಫಿಲೀಸ್‌ಗೆ ಸಿಗಲಿಲ್ಲ. 2019ರ ನ್ಯಾಷನಲ್ಸ್‌ಗೂ 60 ಆಟಗಳ ಋತು ಸಿಕ್ಕಿದ್ದರೆ, 19-31ರ ನಂತರ ಉಳಿದ ಹತ್ತನ್ನೂ ಗೆದ್ದರೆ 29-31. ಹತ್ತರಲ್ಲಿ ಒಂಬತ್ತು ಗೆದ್ದಿದ್ದರೆ ಅದೇ ಫಿಲೀಸ್ ಲೆಕ್ಕ, 28-32.